ಕಡಿಮೆ ಬೆಲೆಯ ಕಾರಿಗೆ ಭಾರದ ಟ್ರೇಲರ್: ಆರಿಸುವುದು, ಕಟ್ಟುವುದು, ಓಡಿಸುವುದು

ಟ್ರೇಲರ್ ಎಳೆಯಲು ಕಾರು ಹುಡುಕುವವರು ಮೊದಲು ಕೇಳುವುದು ಎಂಜಿನ್ ಬಗ್ಗೆ. ಎಷ್ಟು ಎಚ್‌ಪಿ, ಎಷ್ಟು ಟಾರ್ಕ್? ನಿಜಕ್ಕೂ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕಾರು, ಜನ, ಟ್ರೇಲರ್ ಎಲ್ಲ ಸೇರಿ 3,500 ಕೆ.ಜಿ. ಅಂದುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 34 ಕಿಲೋವ್ಯಾಟ್, ಅಂದರೆ 46 ಎಚ್‌ಪಿ ಬೇಕು. ಗಾಳಿಯ ತಡೆ, ಟೈರಿನ ಘರ್ಷಣೆ ಸೇರಿಸಿದರೂ ಎಪ್ಪತ್ತರ ಆಸುಪಾಸು. ಅಷ್ಟು ಶಕ್ತಿ ಇವತ್ತಿನ ಸಾಧಾರಣ ಕಾರುಗಳಲ್ಲೂ ಇದೆ. ಅದೇ ರಸ್ತೆಯನ್ನು ಅದೇ ವೇಗದಲ್ಲಿ ಇಳಿಯುವಾಗ, ಗಾಳಿ ಮತ್ತು ಟೈರು ತಮ್ಮ ಪಾಲು ನುಂಗಿದ ಮೇಲೂ 20 ಕಿಲೋವ್ಯಾಟ್‌ನಷ್ಟು ಉಳಿದುಬಿಡುತ್ತದೆ. ಎರಡೆರಡು ಕಿಲೋವ್ಯಾಟಿನ ಹತ್ತು ಹೀಟರುಗಳನ್ನು ಬ್ರೇಕ್ ಡಿಸ್ಕಿಗೆ ಕಟ್ಟಿ, ಇಳಿಜಾರು ಮುಗಿಯುವ ತನಕ ಉರಿಸಿದ ಹಾಗೆ. ಭಾರ ಎಳೆಯುವುದು ದೊಡ್ಡ ಮಾತಲ್ಲ. ಅದನ್ನು ಹೊರುವುದು, ಬಿಸಿಯಾಗದಂತೆ ನೋಡಿಕೊಳ್ಳುವುದು, ನಿಲ್ಲಿಸುವುದು, ಈ ಮೂರರಲ್ಲಿ ಅಗ್ಗದ ಕಾರು ಸೋಲುತ್ತದೆ. ದುಡ್ಡು ಹಾಕಬೇಕಾದ್ದೂ ಈ ಮೂರಕ್ಕೇ.

ಮೊದಲು ಮುಗಿದುಹೋಗುವ ಅಂಕಿ

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಎಳೆಯುವ ಮಿತಿ ಒಂದೇ. ಅದರಲ್ಲೂ ಎರಡು ಬಗೆ ಇದೆ: ಟ್ರೇಲರಿಗೆ ಸ್ವಂತ ಬ್ರೇಕ್ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಬ್ರೇಕಿಲ್ಲದ ಟ್ರೇಲರಿಗೆ ಬಹಳಷ್ಟು ಕಾರುಗಳಲ್ಲಿ 750 ಕೆ.ಜಿ.ಯೇ ಮೇಲ್ಮಿತಿ. ಇದರ ಜತೆಗೆ ಇನ್ನೂ ಮೂರು ಅಂಕಿ ಬೇಕು: ಕಾರಿನ ಗರಿಷ್ಠ ಒಟ್ಟು ತೂಕ, ಕಾರು-ಟ್ರೇಲರ್ ಜೋಡಿಯ ಗರಿಷ್ಠ ತೂಕ, ಒಂದೊಂದು ಆಕ್ಸಲಿನ, ಅಂದರೆ ಚಕ್ರದ ಅಚ್ಚಿನ, ಗರಿಷ್ಠ ತೂಕ. ಇವು ಬಾಗಿಲ ಕಂಬದ ಮೇಲಿನ ಫಲಕದಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಸಿಗುತ್ತವೆ. ಗರಿಷ್ಠ ಒಟ್ಟು ತೂಕದಿಂದ ಖಾಲಿ ಕಾರಿನ ತೂಕ ಕಳೆದರೆ ಬರುವುದು ಪೇಲೋಡ್. ಬಹುತೇಕರಿಗೆ ಮೊದಲು ಮುಗಿದುಹೋಗುವುದು ಇದೇ.

ಕಾರಿನ ಹಿಂದೆ ಟ್ರೇಲರನ್ನು ಸಿಕ್ಕಿಸುವ ಕೊಂಡಿಯೇ ಹಿಚ್; ಟ್ರೇಲರಿನ ಮುಂತುದಿ ಅದರ ಮೇಲೆ ಒತ್ತುವ ಭಾರವನ್ನು ಮೂಕಿ ಭಾರ ಅನ್ನೋಣ. ಎತ್ತಿನ ಗಾಡಿಗೆ ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲಕ್ಕೇಳುತ್ತದೆ ಎಂದು ಬಲ್ಲವರಿಗೆ ಟ್ರೇಲರಿನ ಅರ್ಧ ಪಾಠ ಆಗಲೇ ಬಂದಿದೆ. ಭಾರದ ಟ್ರೇಲರ್ ನೆಟ್ಟಗೆ ಓಡಬೇಕಾದರೆ ಅದರ ಒಟ್ಟು ತೂಕದ 10ರಿಂದ 15% ಮೂಕಿಯ ಮೇಲೆ ಇರಬೇಕು ಎಂಬುದು ಅಮೆರಿಕದ ರೂಢಿ. ಯುರೋಪಿನಲ್ಲಿ 5ರಿಂದ 7% ಸಾಕು ಅನ್ನುತ್ತಾರೆ. ಅಲ್ಲಿನ ಸಾಧಾರಣ ಕಾರುಗಳ ಹಿಚ್ ಮೇಲೆ 75ರಿಂದ 100 ಕೆ.ಜಿ. ಎಂಬ ಮಿತಿ ಅಚ್ಚಾಗಿರುತ್ತದೆ, ಟ್ರೇಲರ್ ಎಳೆಯುವ ವೇಗವೂ ಕಡಿಮೆ. ಯಾವ ರೂಢಿಯಾದರೂ ಸರಿ, ಕಾರಿನ ಮಿತಿ, ಹಿಚ್‌ನ ಮಿತಿ, ಕಪ್ಲರಿನ (ಹಿಚ್ ಮೇಲೆ ಕೂರುವ ಟ್ರೇಲರಿನ ಮುಂತುದಿಯ ಹಿಡಿ) ಮಿತಿ ಇವುಗಳಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.

ಈಗ ಒಂದು ಕಾರು ತೆಗೆದುಕೊಳ್ಳಿ. 2,000 ಕೆ.ಜಿ. ಎಳೆಯುತ್ತದೆ, ಪೇಲೋಡ್ 450 ಕೆ.ಜಿ. ನಾಲ್ಕು ಜನ 290, ಡಿಕ್ಕಿಯ ಸಾಮಾನು 70, ಹಿಚ್‌ನ ಸ್ವಂತ ತೂಕ 25; ಒಟ್ಟು 385. ಉಳಿದದ್ದು 65. ಎರಡು ಟನ್ ಟ್ರೇಲರಿನ ಮೂಕಿ ಭಾರ 10% ಹಿಡಿದರೂ 200 ಕೆ.ಜಿ. ಎಳೆಯುವ ಮಿತಿಯ ಒಳಗೇ ಇದ್ದುಕೊಂಡು ಕಾರು 135 ಕೆ.ಜಿ. ಓವರ್‌ಲೋಡ್ ಆಗಿಹೋಯಿತು. ಇಬ್ಬರೇ ಕೂತು, ಸಾಮಾನನ್ನು ಟ್ರೇಲರಿನ ತೂಕದೊಳಗೇ ಸೇರಿಸಿಕೊಂಡರೆ ಅದೇ ಕಾರು ಆರಾಮವಾಗಿ ಮಿತಿಯೊಳಗೆ ಬರುತ್ತದೆ. ಒಂದು ಎಚ್ಚರ: ಕೆಲವೆಡೆ ಖಾಲಿ ತೂಕದಲ್ಲೇ 75 ಕೆ.ಜಿ. ಚಾಲಕನನ್ನು ಸೇರಿಸಿರುತ್ತಾರೆ, ಕೆಲವೆಡೆ ಇಲ್ಲ. ಕೈಪಿಡಿಯ ಅಡಿಟಿಪ್ಪಣಿ ಓದದೆ ಕಳೆಯಲು ಕೂರಬೇಡಿ.

ಹಿಂದಿನ ಆಕ್ಸಲಿನ ಕತೆ ಇನ್ನೂ ಬಿಗಿ. ಹಿಚ್ ಇರುವುದು ಹಿಂದಿನ ಚಕ್ರಕ್ಕಿಂತ ಆಚೆ, ಹಾಗಾಗಿ ಅದು ಸನ್ನೆಕೋಲು. ಎರಡು ಆಕ್ಸಲುಗಳ ನಡುವೆ 2.7 ಮೀಟರ್, ಹಿಂದಿನ ಆಕ್ಸಲಿನಿಂದ ಬಾಲ್‌ಗೆ (ಕಪ್ಲರ್ ಕೂರುವ ಹಿಚ್‌ನ ಗುಂಡು) 1.2 ಮೀಟರ್ ಇದ್ದರೆ, 200 ಕೆ.ಜಿ. ಮೂಕಿ ಭಾರ ಮುಂದಿನ ಚಕ್ರಗಳಿಂದ 89 ಕೆ.ಜಿ. ಕಿತ್ತು ಹಿಂದಕ್ಕೆ ಹಾಕುತ್ತದೆ. ಹಿಂದಿನ ಆಕ್ಸಲ್ ಹೊರುವುದು 200 ಅಲ್ಲ, 289. ಸ್ಟೀರಿಂಗ್ ಹಗುರವಾಗುವುದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಗರಗರ ತಿರುಗುವುದು ಎಲ್ಲಕ್ಕೂ ಮೂಲ ಇದು. ವೀಲ್‌ಬೇಸ್ (ಎರಡು ಆಕ್ಸಲುಗಳ ನಡುವಿನ ಅಂತರ) ಉದ್ದ, ಹಿಂಬದಿಯ ಬಾಲ ಗಿಡ್ಡ ಇರುವ ಕಾರು ಒಳ್ಳೆಯದು ಎನ್ನುವುದು ಈ ಲೆಕ್ಕದಿಂದಲೇ.

ಎಳೆಯುವ ಮಿತಿಯನ್ನು ಹೇಗೆ ನಿಗದಿ ಮಾಡಿದರು ಎಂಬುದನ್ನೂ ಸ್ವಲ್ಪ ಕೆದಕಬೇಕು. ಅಮೆರಿಕದಲ್ಲಿ ಬಹಳ ಕಾಲ ಒಂದೊಂದು ಕಂಪನಿಯದು ಒಂದೊಂದು ಲೆಕ್ಕವಾಗಿತ್ತು. 2008ರಲ್ಲಿ ವಾಹನ ಎಂಜಿನಿಯರುಗಳ ಸಂಘದ ಎಸ್‌ಎಇ ಜೆ2807 ಎಂಬ ಮಾನದಂಡ ಬಂತು; ಟೊಯೊಟಾ 2011ರ ಮಾದರಿಗಳಿಂದ ಅದನ್ನು ಪಾಲಿಸಿತು, ಉಳಿದವರು ಆಮೇಲೆ ಬಂದರು. ಅದರ ಒಂದು ಪರೀಕ್ಷೆಯಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಸುಮಾರು 18 ಕಿ.ಮೀ. ಏರನ್ನು ಎಸಿ ಹಾಕಿಕೊಂಡೇ, ಗಂಟೆಗೆ 64 ಕಿ.ಮೀ.ಗಿಂತ ಕೆಳಗಿಳಿಯದೆ ಹತ್ತಬೇಕು. ಯುರೋಪಿನಲ್ಲಿ 12% ಏರಿನ ಮೇಲೆ ನಿಂತಲ್ಲಿಂದ ಐದು ನಿಮಿಷದಲ್ಲಿ ಐದು ಸಲ ಹೊರಡಬೇಕು. ಪರೀಕ್ಷೆ ಬೇರೆ, ಕಾನೂನು ಬೇರೆ, ಆದ್ದರಿಂದ ಒಂದೇ ಕಾರಿಗೆ ಬೇರೆ ಬೇರೆ ದೇಶದಲ್ಲಿ ಬೇರೆ ಮಿತಿ. ಅಂತರ್ಜಾಲದಲ್ಲಿ ಸಿಕ್ಕ ದೊಡ್ಡ ಅಂಕಿಗಿಂತ ನಿಮ್ಮ ಕಾರಿನ ಫಲಕದ ಮೇಲಿರುವುದನ್ನೇ ನಂಬಿ. ಹಳೆಯ ಕಾರಾದರೆ ಅದರಲ್ಲೂ ಐದನೇ ಒಂದು ಪಾಲು ಕಳೆದು ಹೊರಡಿ. ಎಂಜಿನ್, ಸ್ಪ್ರಿಂಗ್, ಕೂಲಿಂಗ್ ಯಾವುದೂ ಕಾರ್ಖಾನೆಯಿಂದ ಬಂದ ದಿನದಂತೆ ಉಳಿದಿರುವುದಿಲ್ಲ. ಹೊಸದಾಗಿ ಕಲಿಯುವವರು, ತುಂಬಿದ ಟ್ರೇಲರಿನ ತೂಕ ಖಾಲಿ ಕಾರಿನ ತೂಕದ 85% ದಾಟದಂತೆ ನೋಡಿಕೊಳ್ಳುವುದು ಬ್ರಿಟನ್ನಿನ ಕ್ಯಾರವಾನ್ ಬಳಗದ ಸಲಹೆ. ಇದು ಕಾನೂನಲ್ಲ, ಆದರೆ ಒಳ್ಳೆಯ ಬೇಲಿ.

ಹಳೆಯ ಕಾರು ನೋಡುವಾಗ

ಕಡಿಮೆ ಬೆಲೆಗೆ ಸಿಗುವುದರಲ್ಲಿ ಲ್ಯಾಡರ್ ಫ್ರೇಮ್ (ಏಣಿಯಾಕಾರದ ಗಟ್ಟಿ ಚಾಸಿ) ಇರುವ ಹಳೆಯ ಡೀಸೆಲ್ ಎಸ್‌ಯುವಿ ಅಥವಾ ಪಿಕಪ್ ಈ ಕೆಲಸಕ್ಕೆ ಮೊದಲ ಆಯ್ಕೆ. ಟ್ರೇಲರ್ ಒಂದೂವರೆ ಟನ್ನಿನ ಒಳಗಿದ್ದರೆ ಉದ್ದನೆಯ ಎಸ್ಟೇಟ್ ಕಾರು ಅಥವಾ ದೊಡ್ಡ ಎಂಪಿವಿ ಕೂಡ ಸಾಕು, ಇಂಧನವೂ ಉಳಿಯುತ್ತದೆ. ಹಿಂದಿನ ಚಕ್ರ ಅಥವಾ ನಾಲ್ಕೂ ಚಕ್ರ ಎಳೆಯುವ ಕಾರಾದರೆ ಮೂಕಿ ಭಾರವೇ ಹಿಡಿತ ಕೊಡುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಅದೇ ಭಾರ ಹಿಡಿತ ಕಸಿಯುತ್ತದೆ. ಟರ್ಬೊ ಇದ್ದರೆ ಎತ್ತರದ ಪ್ರದೇಶದಲ್ಲಿ ನೆಮ್ಮದಿ. ಟರ್ಬೊ ಇಲ್ಲದ ಎಂಜಿನ್ ನೂರು ಮೀಟರ್ ಎತ್ತರಕ್ಕೆ ಸುಮಾರು 1% ಶಕ್ತಿ ಕಳೆದುಕೊಳ್ಳುತ್ತದೆ.

ಗೇರ್‌ಬಾಕ್ಸಿನ ವಿಷಯದಲ್ಲಿ ರಾಜಿ ಬೇಡ. ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಎಂಜಿನ್ ಶಕ್ತಿ ದಾಟಿಸುವ ಭಾಗ) ಇರುವ ಸಾಂಪ್ರದಾಯಿಕ ಆಟೊಮ್ಯಾಟಿಕ್ ಭಾರ ಎಳೆಯಲು ಹೇಳಿ ಮಾಡಿಸಿದ್ದು, ಆದರೆ ಅದಕ್ಕೆ ಪ್ರತ್ಯೇಕ ಆಯಿಲ್ ಕೂಲರ್ ಬೇಕು. ಡ್ರೈ ಕ್ಲಚ್‌ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ (ಆಯಿಲಿನಲ್ಲಿ ಮುಳುಗಿರದ ಎರಡು ಕ್ಲಚ್‌ಗಳಿಂದ ತಾನೇ ಗೇರ್ ಬದಲಿಸುವುದು) ಏರಿನಲ್ಲಿ ಇಂಚಿಂಚು ಸರಿಯುವಾಗಲೇ ಕಾದು ಕೈಕೊಡುತ್ತದೆ. ಸಿವಿಟಿ (ಗೇರಿನ ಮೆಟ್ಟಿಲುಗಳೇ ಇಲ್ಲದ ಆಟೊಮ್ಯಾಟಿಕ್) ಇರುವ ಕಾರುಗಳ ಎಳೆಯುವ ಮಿತಿ ಸಾಮಾನ್ಯವಾಗಿ ಕಡಿಮೆಯೇ. ಮ್ಯಾನ್ಯುಯಲ್ ಅಗ್ಗ, ರಿಪೇರಿ ಸುಲಭ. ಅದರ ಕ್ಲಚ್ ಸಾಯುವುದು ಹೆದ್ದಾರಿಯಲ್ಲಿ ಅಲ್ಲ, ಭಾರದ ಟ್ರೇಲರನ್ನು ಏರುಮುಖವಾಗಿ ರಿವರ್ಸ್ ಹಾಕುವಾಗ. ರಿವರ್ಸ್ ಗೇರಿನ ಅನುಪಾತ ಅಷ್ಟು ನಿಧಾನಕ್ಕೆ ಸಾಲದು, ಹಾಗಾಗಿ ಕ್ಲಚ್ ಜಾರಿಸದೆ ಗತ್ಯಂತರವಿಲ್ಲ. ಲೋ ರೇಂಜ್ (ಎಲ್ಲ ಗೇರನ್ನೂ ಇನ್ನಷ್ಟು ನಿಧಾನ ಮಾಡುವ ಹೆಚ್ಚುವರಿ ಗೇರ್) ಇರುವ, ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಈ ತಾಪತ್ರಯ ಇಲ್ಲ. ಒಣ ಡಾಂಬರಿನ ಮೇಲೆ ಲೋ ರೇಂಜ್‌ನಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಬಾರದು ಅಷ್ಟೆ, ತಿರುಗಿಸಿದರೆ ಡ್ರೈವ್‌ಲೈನ್ (ಚಕ್ರಕ್ಕೆ ಶಕ್ತಿ ಒಯ್ಯುವ ಭಾಗಗಳು) ಹುರಿಗೊಂಡು ಬಿಗಿಯುತ್ತದೆ.

ಕಾರು ನೋಡಲು ಹೋದಾಗ ಬಾನೆಟ್ ಎತ್ತುವ ಮೊದಲು ಹಿಂದೆ ಬಗ್ಗಿ ನೋಡಿ. ಟೋ ಬಾರ್ (ಹಿಚ್ ಹೊತ್ತ ಉಕ್ಕಿನ ಪಟ್ಟಿ) ಚಾಸಿಗೆ ಸೇರುವ ಬೋಲ್ಟುಗಳ ಸುತ್ತ ಪದರ ಪದರ ತುಕ್ಕು ಎದ್ದಿದ್ದರೆ, ಅಥವಾ ಯಾರೋ ವೆಲ್ಡಿಂಗ್ ಮಾಡಿ ಮೇಲೆ ಕಪ್ಪು ಬಣ್ಣ ಬಳಿದಿದ್ದರೆ, ಅಲ್ಲಿಂದಲೇ ವಾಪಸ್ ಬನ್ನಿ. ಖಾಲಿ ಕಾರೇ ಹಿಂದಕ್ಕೆ ಕುಸಿದು ನಿಂತಿದ್ದರೆ ಸ್ಪ್ರಿಂಗ್ ಸೋತಿದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ (ಆಯಿಲ್ ನೋಡುವ ಕಡ್ಡಿ) ಇದ್ದರೆ ಬಿಳಿ ಬಟ್ಟೆಗೆ ಒರೆಸಿ: ಕೆಂಪಗೆ, ತಿಳಿಯಾಗಿದ್ದರೆ ಸರಿ, ಕಂದು ಬಣ್ಣ, ಸುಟ್ಟ ವಾಸನೆ ಇದ್ದರೆ ಒಳಗಿನ ಕ್ಲಚ್ ಪ್ಲೇಟುಗಳು ಬೆಂದಿವೆ, ಹಾಲು ಬೆರೆಸಿದ ಹಾಗೆ ಗುಲಾಬಿಯಾಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಸೀಳಿ ಕೂಲಂಟ್ ಒಳಗೆ ಹೋಗಿದೆ. ಈ ಕೊನೆಯದಕ್ಕೆ ಗೇರ್‌ಬಾಕ್ಸ್ ಬಿಚ್ಚದೆ ಪರಿಹಾರವಿಲ್ಲ. ಮ್ಯಾನ್ಯುಯಲ್ ಆದರೆ ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಓಡಿಸುತ್ತ ಆಕ್ಸಿಲರೇಟರನ್ನು ಒಮ್ಮೆಲೆ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಟೋ ಬಾರ್ ಹಳೆಯದಾಗಿ ಸವೆದಿದ್ದು, ಮಾರುವವರು "ಯಾವತ್ತೂ ಎಳೆದಿಲ್ಲ" ಅಂದರೆ ಬಾಲ್‌ನ ಮೇಲಿನ ಹೊಳಪು ನೋಡಿ ನೀವೇ ತೀರ್ಮಾನಿಸಿ.

ಇಟ್ಟ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ. ಐದನೇ ಒಂದು ಭಾಗ ತೆಗೆದಿಡಿ: ಗೇರ್‌ಬಾಕ್ಸ್ ಆಯಿಲ್, ಕೂಲಂಟ್, ಹೊಸ ಬ್ರೇಕ್ ಫ್ಲೂಯಿಡ್ ಮತ್ತು ಪ್ಯಾಡ್, ಸರಿಯಾದ ಲೋಡ್ ಇಂಡೆಕ್ಸಿನ (ಹೊರುವ ಭಾರದ ಅಂಕಿ) ಟೈರ್, ಆಯಿಲ್ ಕೂಲರ್, ವೈರಿಂಗ್. ಬ್ರೇಕ್ ಫ್ಲೂಯಿಡ್ ನೀರು ಹೀರುವ ದ್ರವ. ಹಳೆಯದಾದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ, ಕುದಿದಾಗ ಪೆಡಲ್ ನೆಲ ಮುಟ್ಟುತ್ತದೆ, ಅದು ಆಗುವುದು ಇಳಿಜಾರಿನ ಕೊನೆಯಲ್ಲೇ.

ತೂಗುವುದು, ಕಟ್ಟುವುದು

ಅಂದಾಜಿನ ತೂಕ ಯಾವಾಗಲೂ ಕಡಿಮೆಯೇ ಬರುತ್ತದೆ. ವೇ ಬ್ರಿಡ್ಜ್‌ಗೆ ಹೋಗಿ ಮೂರು ಸಲ ತೂಗಿಸಿ. ಮೊದಲು ಜನ, ಸಾಮಾನು ಸಮೇತ ಕಾರು ಮಾತ್ರ. ಎರಡನೆಯದು ಟ್ರೇಲರ್ ಸಿಕ್ಕಿಸಿ ಇಡೀ ಜೋಡಿ. ಮೂರನೆಯದು ಸಿಕ್ಕಿಸಿದ ಹಾಗೇ, ಕಾರಿನ ಚಕ್ರಗಳು ಮಾತ್ರ ತಟ್ಟೆಯ ಮೇಲೆ, ಟ್ರೇಲರಿನ ಚಕ್ರಗಳು ಹೊರಗೆ. ಮೂರರಿಂದ ಒಂದನ್ನು ಕಳೆದರೆ ಮೂಕಿ ಭಾರ, ಎರಡರಿಂದ ಒಂದನ್ನು ಕಳೆದರೆ ಟ್ರೇಲರಿನ ಪೂರ್ತಿ ತೂಕ.

ಮನೆಯಲ್ಲೇ ಮೂಕಿ ಭಾರ ನೋಡಲು ಜನ ತೂಗುವ ತಕ್ಕಡಿ ಸಾಕು. ಗಟ್ಟಿ ಹಲಗೆಯ ಒಂದು ತುದಿಯನ್ನು ತಕ್ಕಡಿಯ ಮೇಲೆ, ಇನ್ನೊಂದು ತುದಿಯನ್ನು ಅಷ್ಟೇ ಎತ್ತರದ ಇಟ್ಟಿಗೆಯ ಮೇಲೆ ಇಡಿ. ಎರಡೂ ಕಡೆ ಹಲಗೆಯ ಕೆಳಗೊಂದು ಪೈಪ್ ತುಂಡು. ಪೈಪುಗಳ ನಡುವೆ 90 ಸೆಂ.ಮೀ. ಇರಲಿ. ಇಟ್ಟಿಗೆಯ ಕಡೆಯ ಪೈಪಿನಿಂದ 30 ಸೆಂ.ಮೀ. ದೂರಕ್ಕೆ ಕಪ್ಲರ್ ಇಳಿಸಿ. ತಕ್ಕಡಿ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಟ್ರೇಲರ್ ಮಟ್ಟವಾಗಿ ನಿಂತಿರಬೇಕು, ಚಕ್ರಕ್ಕೆ ಅಡೆ ಕೊಟ್ಟಿರಬೇಕು. ಭಾರ ಹೇರುವಾಗ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 60%, ಆಕ್ಸಲಿಗಿಂತ ಮುಂದೆ ಬರಲಿ. ತೀರ ಭಾರದ್ದು ಆಕ್ಸಲಿನ ಮೇಲೇ, ತಳಕ್ಕೆ ಅಂಟಿಕೊಂಡು ಇರಲಿ.

ಬಾಲ್ ಮತ್ತು ಕಪ್ಲರ್ ಒಂದೇ ಅಳತೆಯದೇ ಎಂದು ಅಚ್ಚು ಓದಿ ಖಚಿತಮಾಡಿಕೊಳ್ಳಿ. ಯುರೋಪಿನ ಬಾಲ್ 50 ಮಿ.ಮೀ., ಅಮೆರಿಕದ ಎರಡು ಇಂಚಿನ ಬಾಲ್ 50.8. ಮುಕ್ಕಾಲು ಮಿಲಿಮೀಟರ್ ಸಡಿಲ ಕಣ್ಣಿಗೆ ಕಾಣುವುದಿಲ್ಲ, ಹೊಂಡಕ್ಕೆ ಬಿದ್ದಾಗ ಗೊತ್ತಾಗುತ್ತದೆ. ಸಣ್ಣ ಬಾಲ್ ಮೇಲೆ ದೊಡ್ಡ ಕಪ್ಲರ್ ಕೂತ ಹಾಗೆ, ಲಾಕ್ ಆದ ಹಾಗೆ ಕಾಣುತ್ತದೆ, ಅದೇ ಅಪಾಯ. ಲಾಕ್ ಹಾಕಿ ಪಿನ್ ಸಿಕ್ಕಿಸಿದ ಮೇಲೆ ಟ್ರೇಲರಿನ ಜಾಕನ್ನು ಮತ್ತೆ ಮೇಲಕ್ಕೆ ತಿರುಗಿಸಿ. ಕಾರಿನ ಹಿಂಭಾಗವೂ ಜತೆಗೆ ಎರಡು ಬೆರಳು ಎದ್ದರೆ ಕಪ್ಲರ್ ನಿಜವಾಗಿ ಬಾಲನ್ನು ಕಚ್ಚಿದೆ. ಕಪ್ಲರ್ ಒಂದೇ ಮೇಲೆ ಬಂದರೆ, ಅದು ಬಾಲ್ ಮೇಲೆ ಬರೀ ಕೂತಿತ್ತು.

ಸೇಫ್ಟಿ ಚೈನುಗಳು ಕಪ್ಲರಿನ ಕೆಳಗೆ ಕತ್ತರಿಯಂತೆ ಅಡ್ಡಹಾಯಬೇಕು. ಕಪ್ಲರ್ ಬಿಟ್ಟುಕೊಂಡರೆ ಮೂಕಿ ನೆಲಕ್ಕೆ ನಾಟದೆ ಆ ಜೋಲಿಯಲ್ಲಿ ಬೀಳುತ್ತದೆ. ತಿರುವಿಗೆ ಬೇಕಾದಷ್ಟು ಸಡಿಲ ಇರಲಿ, ನೆಲಕ್ಕೆ ಒರೆಯುವಷ್ಟು ಬೇಡ. ಬ್ರೇಕ್‌ಅವೇ ಕೇಬಲನ್ನು (ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ತಾನೇ ಹಿಡಿಯುವಂತೆ ಮಾಡುವುದು) ಚೈನಿಗೆ ಕಟ್ಟದೆ ಕಾರಿಗೇ ಬೇರೆಯಾಗಿ ಸಿಕ್ಕಿಸಿ. ಎಲೆಕ್ಟ್ರಿಕ್ ಬ್ರೇಕಿನ ಟ್ರೇಲರಾದರೆ ಆ ಕೇಬಲಿನ ತುದಿಯ ಪಿನ್ನನ್ನು ಕಿತ್ತು ನೋಡಿ, ಚಕ್ರ ಲಾಕ್ ಆಗಬೇಕು. ಆಗದಿದ್ದರೆ ಬಹುಮಟ್ಟಿಗೆ ಟ್ರೇಲರಿನ 12 ವೋಲ್ಟ್ ಬ್ಯಾಟರಿ ಸತ್ತಿದೆ. ಬ್ರೇಕ್ ಕಂಟ್ರೋಲರನ್ನು (ಟ್ರೇಲರಿನ ಬ್ರೇಕನ್ನು ಕಾರಿನೊಳಗಿಂದ ನಡೆಸುವ ಪೆಟ್ಟಿಗೆ) ಹೊಂದಿಸಲು ಖಾಲಿ ಒಣ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ.ಗೆ ಬಂದು ಅದರ ಕೈ ಲಿವರ್ ಒತ್ತಿ. ಟ್ರೇಲರಿನ ಚಕ್ರ ಲಾಕ್ ಆಗುವ ತನಕ ಗೇನ್ (ಬ್ರೇಕಿನ ಬಲ) ಏರಿಸುತ್ತ ಹೋಗಿ, ಅಲ್ಲಿಂದ ಒಂದು ಮೆಟ್ಟಿಲು ಇಳಿಸಿ. ಹೇರಿದ ಭಾರ ಬದಲಾದರೆ ಇದನ್ನೂ ಮತ್ತೆ ಮಾಡಬೇಕು.

ಲೈಟಿನ ತಂಟೆ ಹತ್ತರಲ್ಲಿ ಎಂಟು ಸಲ ಅರ್ಥ್ ವೈರಿನದು. ಎಡ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಿಣುಕುವುದು, ಬ್ರೇಕ್ ಒತ್ತಿದರೆ ಹಿಂದಿನ ದೀಪ ಮಂಕಾಗುವುದು ಕಂಡರೆ ಬಲ್ಬ್ ಬದಲಿಸುತ್ತ ಕೂರಬೇಡಿ. ಬಿಳಿ ವೈರ್ ಚಾಸಿಗೆ ಸೇರುವ ಜಾಗವನ್ನು ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಬಿಗಿಯಿರಿ.

ಟ್ರೇಲರಿನ ಟೈರು ತುಳಿಪಟ್ಟಿ ಸವೆದು ಸಾಯುವುದಕ್ಕಿಂತ ವಯಸ್ಸಾಗಿ ಸಾಯುವುದೇ ಹೆಚ್ಚು. ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 3519 ಅಂದರೆ 2019ರ 35ನೇ ವಾರ. ಆರು ವರ್ಷ ದಾಟಿದ್ದನ್ನು ಭಾರಕ್ಕೆ ಹಾಕಬೇಡಿ. ಟ್ರೇಲರಿಗೆ ಪೂರ್ತಿ ಭಾರವಿದ್ದರೆ ಅದರ ಟೈರಿಗೆ ಪೂರ್ತಿ ಗಾಳಿಯೂ ಬೇಕು. ಕಾರಿನ ಹಿಂದಿನ ಟೈರಿಗೆ ಕೈಪಿಡಿಯಲ್ಲಿ ಪೂರ್ಣ ಭಾರಕ್ಕೆ ಕೊಟ್ಟ ಒತ್ತಡ.

ಓಡಿಸುವಾಗ

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗೂ ಹೆಚ್ಚು, ಅದಕ್ಕೆ ಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುವುದೂ ಈ ಅಂತರದಲ್ಲೇ. 80ಕ್ಕೆ ನಿಲ್ಲಿ.

ಆ ಅಲ್ಲಾಟ ಬಂದರೆ ಮಾಡಬೇಕಾದದ್ದು, ಮಾಡಬಾರದ್ದು ಎರಡೂ ಮೊದಲೇ ಮನಸ್ಸಿನಲ್ಲಿ ಕೂತಿರಬೇಕು, ಆಗ ಯೋಚಿಸಲು ಹೊತ್ತು ಸಿಗುವುದಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಸ್ಟೀರಿಂಗನ್ನು ನೇರ ಹಿಡಿದು ಸುಮ್ಮನಿರಿ; ಟ್ರೇಲರ್ ಅತ್ತ ಹೋದಾಗ ನೀವು ಇತ್ತ ತಿರುಗಿಸಿದರೆ ಉಯ್ಯಾಲೆ ತಳ್ಳಿದ ಹಾಗಾಗುತ್ತದೆ. ಕೈ ಲಿವರ್ ಇದ್ದರೆ ಟ್ರೇಲರಿನ ಬ್ರೇಕ್ ಮಾತ್ರ ಒತ್ತಿ, ಅದು ಹಿಂದಿನಿಂದ ಜಗ್ಗಿ ಜೋಡಿಯನ್ನು ನೆಟ್ಟಗೆ ಮಾಡುತ್ತದೆ. ಕಾರಿನ ಬ್ರೇಕನ್ನು ಗಟ್ಟಿಯಾಗಿ ತುಳಿದರೆ ಎತ್ತು ಏರಿಗೆ, ಕೋಣ ನೀರಿಗೆ: ಮುಂದಿನದು ನಿಲ್ಲುತ್ತದೆ, ಹಿಂದಿನದು ತಳ್ಳುತ್ತದೆ, ನಡುವೆ ಮಡಚಿಕೊಳ್ಳುತ್ತದೆ. ವೇಗ ಹೆಚ್ಚಿಸಿದರೆ ಸರಿಹೋಗುತ್ತದೆ ಎಂಬ ಹಳೆಯ ಸಲಹೆಯನ್ನು ಮರೆತುಬಿಡಿ. ನಿಂತ ಮೇಲೆ ಹಾಗೇ ಮುಂದೆ ಹೋಗದೆ ಸಾಮಾನನ್ನು ಮುಂದಕ್ಕೆ ಸರಿಸಿ. ಕಾರಣ ಬಹುತೇಕ ಮೂಕಿ ಭಾರ ಸಾಲದ್ದು.

ಇಳಿಜಾರಿಗೆ ಮೊದಲೇ, ಇನ್ನೂ ಮಟ್ಟಸದ ರಸ್ತೆಯಲ್ಲಿರುವಾಗಲೇ ಗೇರ್ ಇಳಿಸಿ. ಎಂಜಿನ್ ಹಿಡಿಯಲಾಗದಷ್ಟು ವೇಗ ಬಂದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗವನ್ನು ಗಂಟೆಗೆ 15 ಕಿ.ಮೀ.ನಷ್ಟು ಇಳಿಸಿ, ಪೂರ್ತಿ ಬಿಡಿ. ಕಾಲು ಸದಾ ಪೆಡಲ್ ಮೇಲೆ ಹಗುರವಾಗಿ ಇಟ್ಟುಕೊಂಡರೆ ಡಿಸ್ಕ್‌ಗೆ ಉಸಿರಾಡಲು ಬಿಡುವೇ ಇರುವುದಿಲ್ಲ. ಏರಿನಲ್ಲಿ ಉಷ್ಣದ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಒಂದು ಗೇರ್ ಇಳಿಸಿ ನಿಧಾನವಾಗಿ. ಬಿಸಿಯಲ್ಲಿ ಹೀಟರ್ ಹಿಂಸೆಯೇ, ಆದರೆ ಅದು ಎರಡನೇ ರೇಡಿಯೇಟರ್. ಆಟೊಮ್ಯಾಟಿಕ್ ಎರಡು ಗೇರುಗಳ ನಡುವೆ ಒದ್ದಾಡುತ್ತಿದ್ದರೆ ಓವರ್‌ಡ್ರೈವ್ (ಮೇಲ್ತುದಿಯ ಗೇರ್) ತೆಗೆದು ಕೆಳಗಿನ ಗೇರಿನಲ್ಲೇ ಹಿಡಿಯಿರಿ. ಗೇರ್‌ಬಾಕ್ಸಿನ ಆಯಿಲ್ 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಆಯುಸ್ಸು ಬೇಗ ಕರಗುತ್ತದೆ.

ತಿರುವಿನಲ್ಲಿ ಟ್ರೇಲರ್ ಯಾವಾಗಲೂ ಒಳಗೆ ಕತ್ತರಿಸುತ್ತದೆ, ಹಾಗಾಗಿ ಇನ್ನಷ್ಟು ಮುಂದೆ ಹೋಗಿ ತಿರುಗಿಸಿ. ರಿವರ್ಸ್‌ಗೆ ಒಂದು ಉಪಾಯ: ಕೈಯನ್ನು ಸ್ಟೀರಿಂಗಿನ ಕೆಳತುದಿಯಲ್ಲಿ ಹಿಡಿಯಿರಿ. ಕೈ ಎಡಕ್ಕೆ ಹೋದರೆ ಟ್ರೇಲರ್ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಸ್ವಲ್ಪವೇ ತಿರುಗಿಸಿ, ಪರಿಣಾಮ ಕಾಣುವ ತನಕ ಕಾದು, ಆಮೇಲೆ ಮುಂದಿನದು. ಮಡಚಿಕೊಳ್ಳುತ್ತಿದೆ ಅನಿಸಿದರೆ ಸಾಹಸ ಬೇಡ, ಮುಂದೆ ಎಳೆದು ನೇರ ಮಾಡಿ. ಗಿಡ್ಡ ಟ್ರೇಲರ್ ಉದ್ದದ್ದಕ್ಕಿಂತ ಬೇಗ ಮಡಚುತ್ತದೆ.

ಹೊರಟು 20-30 ಕಿ.ಮೀ. ಆದ ಮೇಲೆ ನಿಲ್ಲಿಸಿ ಪ್ರತಿ ಚಕ್ರದ ಹಬ್ ಹತ್ತಿರ ಕೈ ಹಿಡಿಯಿರಿ. ಬಿಸಿ ಹೊಡೆಯದಿದ್ದರೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಮುಟ್ಟಲಾಗದಷ್ಟು ಕಾದಿದ್ದರೆ ಬೇರಿಂಗ್ ಒಣಗಿದೆ ಅಥವಾ ಬ್ರೇಕ್ ಅಂಟಿಕೊಂಡಿದೆ. ಚಕ್ರ ಬಿಚ್ಚಿ ಹಾಕಿದ್ದರೆ 80-100 ಕಿ.ಮೀ. ನಂತರ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಿರಿ. ಬೇರಿಂಗಿಗೆ ವರ್ಷಕ್ಕೊಮ್ಮೆ ಗ್ರೀಸ್. ದೋಣಿಯ ಟ್ರೇಲರ್ ಆಗಿ ನೀರಿಗೆ ಇಳಿಯುತ್ತಿದ್ದರೆ ಇನ್ನೂ ಬೇಗ.

ಇಳಿಜಾರಿನಲ್ಲಿ ನಿಲ್ಲಿಸುವಾಗ ಕಾಲು ಬ್ರೇಕ್ ಒತ್ತಿಕೊಂಡೇ ಜತೆಯವರಿಂದ ಟ್ರೇಲರ್ ಚಕ್ರಕ್ಕೆ ಅಡೆ ಕೊಡಿಸಿ, ಮೆಲ್ಲಗೆ ಬ್ರೇಕ್ ಬಿಟ್ಟು ಭಾರ ಅಡೆಗೆ ಕೂರಲಿ, ಆಮೇಲೆ ಹ್ಯಾಂಡ್‌ಬ್ರೇಕ್, ಕೊನೆಗೆ ಪಾರ್ಕ್. ಬಿಚ್ಚುವಾಗಲೂ ಮೊದಲು ಅಡೆ, ನಂತರ ಜಾಕ್, ಜಾಕ್ ಭಾರ ಹೊತ್ತ ಮೇಲೆ ಲಾಕ್. ಸಾಮಾನನ್ನು ಮುಂದಿನಿಂದ ಇಳಿಸುತ್ತ ಬಂದಿದ್ದರೆ ಭಾರವೆಲ್ಲ ಹಿಂದಕ್ಕೆ ಸೇರಿರುತ್ತದೆ, ಲಾಕ್ ತೆಗೆದ ಕ್ಷಣ ಮೂಕಿ ಮುಖಕ್ಕೆ ಚಿಮ್ಮುತ್ತದೆ. ಹಾಗಾಗಿ ಕಪ್ಲರಿನ ಮೇಲೆ ಬಗ್ಗಿ ನಿಂತು ಲಾಕ್ ತೆಗೆಯಬೇಡಿ, ಪಕ್ಕಕ್ಕೆ ನಿಂತು ತೆಗೆಯಿರಿ.